ಶಮಿಸದ ಮನೋಘಾತದ ಪರೀಕ್ಷೆಯೂ ಕನ್ನಡದ ವಾಕ್ಯಸ್ವಭಾವವೂ

೧. ವಿಷಯನಿರ್ದೇಶ

ಪ್ರಾಪ್ತವಯಸ್ಕನಾದ ಒಬ್ಬನ ಮನಸ್ಸಿಗೆ ಹಿಂದೆಂದೋ ಬಿದ್ದ ಪೆಟ್ಟು ಆರಿತೋ, ಆರದೆ ಒಳಗೇ ಉಳಿದಿರುವುದೋ ಎಂಬುದನ್ನು ನಿರ್ಣಯಿಸುವ ಪರೀಕ್ಷೆಗಳು ಒಂದು ಶತಮಾನಕ್ಕೂ ಮಿಕ್ಕ ಕಾಲದಿಂದ ಮನಶ್ಶಾಸ್ತ್ರಜ್ಞರಲ್ಲಿ ರೂಪುಗೊಳ್ಳುತ್ತ ಬಂದಿವೆ. ಇವು ವೈದ್ಯರ ಅಧಿಕಾರಕ್ಕೆ ಸೇರಿದ ವಿಷಯವಾಗಿರಲು, ಭಾಷಾಸಾಹಿತ್ಯಗಳ ಸಂಶೋಧನೆಗೆ ಮೀಸಲಾದ ಪತ್ರಿಕೆಯಲ್ಲಿ ಇವುಗಳ ವಿಚಾರವೇಕೆಂದು ವಾಚಕರು ಶಂಕಿಸಬಹುದು. ಸಮಾಧಾನವಿಷ್ಟೆ: ಜ್ವರವನ್ನು ಅಳೆಯುವ ಉಪಕರಣಕ್ಕೆ ಭಾಷೆಯಿಲ್ಲ; ಮನೋಘಾತವನ್ನು ಅಳೆಯುವ ಉಪಕರಣವಾದರೋ ಬಹುಮಟ್ಟಿಗೆ ಮಾತಿನಿಂದಲೇ ಆದುದು. ಪ್ರಶ್ನೆಯೂ ಮಾತು, ಉತ್ತರವೂ ಮಾತು. ಕೆಲವು ಪರೀಕ್ಷೆಗಳಲ್ಲಿ ಗಾಯದ ಗುರುತೂ ಮಾತಿನಲ್ಲಿಯೇ ಇರುವುದು. ಆದುದರಿಂದ ಒಂದು ಭಾಷೆಯಲ್ಲಿ ಹುಟ್ಟಿದ ಪರೀಕ್ಷೆ ಇನ್ನೊಂದು ಭಾಷೆಗೆ ಬರುವಾಗ, ಪದಗಳನ್ನು ಬದಲಾಯಿಸಿದ ಮಾತ್ರಕ್ಕೆ ಕೆಲಸ ಮುಗಿಯಲಾರದು. ಆ ಭಾಷೆಯ ವಾಕ್ಯಸ್ವಭಾವವನ್ನು ಬಲ್ಲವರು ಅದನ್ನು ಶೋಧಿಸಬೇಕಾಗುವುದು. ಇದನ್ನು ಸ್ಥಾಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪದಗಳ ಅರ್ಥನಿಶ್ಚಯವಾಗಲಿ. ಯುದ್ಧ, ಅಪಘಾತ, ಹಿಂಸೆ, ಆತ್ಮೀಯರ ಅಕಾಲಮರಣ ಮೊದಲಾದುವು ಸಂಭವಗಳು. ಸಂಭವವೇ ಮನೋಘಾತವಲ್ಲ, ಅದರಿಂದ ಚಿತ್ತದಲ್ಲಿ ಉಂಟಾದ ಭಂಗವು ಮನೋಘಾತ. ಕಾಲಕ್ರಮದಲ್ಲಿ ಆ ಭಂಗವು ಜೀವನಕಥೆಯ ಒಂದು ಭಾಗವಾಗಿ ಸೇರಿಹೋದರೆ ಅದು ಶಮಿತ. ಹಾಗೆ ಸೇರದೆ, ಸಮಯ ಸಿಕ್ಕಿದಾಗಲೆಲ್ಲ ವರ್ತಮಾನದಲ್ಲಿ ತಲೆಯೆತ್ತುತ್ತಿದ್ದರೆ ಅದು ಅಶಮಿತ. ಇದು ಇದೆಯೆಂದು ಆ ವ್ಯಕ್ತಿಗೇ ತಿಳಿಯದಿದ್ದರೆ ಅದು ಸುಪ್ತ. ಅಶಮಿತವೆಲ್ಲ ಸುಪ್ತವಲ್ಲ, ತನ್ನ ಗಾಯವನ್ನು ಚೆನ್ನಾಗಿ ಬಲ್ಲವನಿಗೂ ಅದು ಆರದಿರಬಹುದು. ಆದರೆ ಸುಪ್ತವಾದುದನ್ನು ಪರೀಕ್ಷಿಸುವುದೇ ಕಠಿನ. ಏಕೆಂದರೆ ಸಾಕ್ಷಿಯಾಗಬೇಕಾದವನಿಗೇ ಇಲ್ಲಿ ವಿಷಯಜ್ಞಾನವಿಲ್ಲ.

೨. ಸಂಸ್ಕಾರ ಮತ್ತು ಸ್ಮೃತಿ

ನೆನಪಿಗೆ ಬಾರದುದು ಕಾರ್ಯಕಾರಿಯಾಗಿರಬಲ್ಲುದೆಂಬ ಮಾತು ನಮ್ಮ ಶಾಸ್ತ್ರಪರಿಚಯವುಳ್ಳವರಿಗೆ ವಿಚಿತ್ರವಾಗಿ ತೋರಲಾರದು. ನೈಯಾಯಿಕರು ಅನುಭವ, ಸಂಸ್ಕಾರ, ಸ್ಮೃತಿ ಎಂಬ ಮೂರನ್ನು ಬೇರ್ಪಡಿಸಿದರು. ಅನುಭವವು ಸಂಸ್ಕಾರವನ್ನು ಬಿಟ್ಟುಹೋಗುವುದು. ಉದ್ಬೋಧಕವು ಒದಗಿದಾಗ ಸಂಸ್ಕಾರದಿಂದ ಸ್ಮೃತಿಯುಂಟಾಗುವುದು. ಉದ್ಬೋಧಕವಿಲ್ಲದಿರುವಾಗಲೂ ಸಂಸ್ಕಾರವು ಇದ್ದೇ ಇರುವುದು. ಯೋಗಸೂತ್ರದ ಎರಡನೆಯ ಪಾದದಲ್ಲಿ ಕ್ಲೇಶಗಳಿಗೆ ಪ್ರಸುಪ್ತ, ತನು, ವಿಚ್ಛಿನ್ನ, ಉದಾರ ಎಂಬ ನಾಲ್ಕು ಅವಸ್ಥೆಗಳು ಹೇಳಲ್ಪಟ್ಟಿವೆ. ಹೀಗೆಂದು, ಇಂದಿನ ಮನಶ್ಶಾಸ್ತ್ರವು ಕಂಡುದನ್ನೆಲ್ಲ ನಮ್ಮವರು ಮೊದಲೇ ಕಂಡಿದ್ದರೆಂದು ಸಾಧಿಸುವುದು ನನ್ನ ಇಷ್ಟವಲ್ಲ. ಅವರ ಪ್ರಯೋಜನ ಬೇರೆ; ಅಳತೆಯ ಪ್ರಶ್ನೆಯನ್ನು ಅವರು ಎತ್ತಲಿಲ್ಲ. ಅವರು ಕಟ್ಟಿದ ಪರಿಭಾಷೆಯು ಈ ವಿಚಾರಕ್ಕೆ ಒದಗುವುದೆಂಬಷ್ಟೇ ನನ್ನ ಪಕ್ಷ.

ಕಾಳಿದಾಸನ ಶಾಕುಂತಲದ ಐದನೆಯ ಅಂಕವನ್ನು ಸ್ಮರಿಸಬಹುದು. ಹಂಸಪದಿಕೆಯ ಗಾನವನ್ನು ಕೇಳಿದ ದುಷ್ಯಂತನಿಗೆ, ಇಷ್ಟಜನರ ಅಗಲಿಕೆಯಿಲ್ಲದಿದ್ದರೂ ಕಾರಣ ತಿಳಿಯದ ಒಂದು ತಳಮಳ. ಶಾಪವು ಸ್ಮೃತಿಯನ್ನು ಕಿತ್ತಿದೆ, ಸಂಸ್ಕಾರವನ್ನು ಕಿತ್ತಿಲ್ಲ. ಅಭಿನವಗುಪ್ತನು ಅಭಿನವಭಾರತಿಯಲ್ಲಿ ರಸಸ್ವರೂಪವನ್ನು ವಿಚಾರಿಸುವಾಗ ಈ ಸಂದರ್ಭದ ಶ್ಲೋಕವನ್ನೇ ಎತ್ತಿಕೊಂಡಿರುವನು. ದುಷ್ಯಂತನದು ಮನೋಘಾತವಲ್ಲ ಎಂಬುದು ಸ್ಪಷ್ಟ. ಆದರೂ ಒಂದು ಅಂಶ ಪ್ರಕೃತಕ್ಕೆ ಉಪಯುಕ್ತ. ರಾಜನ ತಳಮಳಕ್ಕೆ ಕಾರಣವೇನೆಂದು ಪ್ರೇಕ್ಷಕನಿಗೆ ಸಂಶಯವಿಲ್ಲ. ಅವನು ಹಿಂದಿನ ಅಂಕಗಳನ್ನು ನೋಡಿದ್ದಾನೆ. ಪರೀಕ್ಷಕನಾದರೋ ಐದನೆಯ ಅಂಕದಲ್ಲಿ ಒಳಗೆ ಬಂದ ಪ್ರೇಕ್ಷಕ. ಅವನ ಕಣ್ಣಿಗೆ ಬೀಳುವುದು ಕಾರ್ಯ ಮಾತ್ರ. ಕಾರಣವನ್ನು ಅವನು ಊಹಿಸಬೇಕು. ಆದುದರಿಂದ ಈ ಪರೀಕ್ಷೆಗಳೆಲ್ಲ ಸ್ವರೂಪತಃ ಅನುಮಾನಗಳು. ಅನುಮಾನಕ್ಕೆ ಬರುವ ದೋಷಗಳೆಲ್ಲ ಇವಕ್ಕೂ ಬರುವುವು.

೩. ಮೂರು ಬಗೆಯ ಪರೀಕ್ಷೆಗಳು

ಮೊದಲನೆಯದು ನೇರವಾಗಿ ಕೇಳುವ ಕ್ರಮ. ಮೊದಲನೆಯ ಮಹಾಯುದ್ಧದಲ್ಲಿ ಗಾಯವಿಲ್ಲದೆಯೇ ಮಾತು, ದೃಷ್ಟಿ, ನಡಗೆಗಳನ್ನು ಕಳೆದುಕೊಂಡ ಸೈನಿಕರು ಬಹುಸಂಖ್ಯೆಯಲ್ಲಿ ಕಂಡುಬಂದರು. ೧೯೧೫ರಲ್ಲಿ ಚಾರ್ಲ್ಸ್ ಮಯರ್ಸ್ ಎಂಬ ಆಂಗ್ಲ ವೈದ್ಯನು ಈ ಸ್ಥಿತಿಯನ್ನು ‘ಷೆಲ್ ಷಾಕ್’ ಎಂಬ ಹೆಸರಿನಿಂದ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರ್ಣಿಸಿದನು. ಇಂಥ ದೌರ್ಬಲ್ಯಕ್ಕೆ ಈಡಾಗಬಹುದಾದವರನ್ನು ಮುಂಚಿತವಾಗಿಯೇ ಗುರುತಿಸಲೆಂದು ಅಮೆರಿಕದ ವುಡ್‌ವರ್ತ್ ೧೧೬ ಪ್ರಶ್ನೆಗಳ ಒಂದು ಪಟ್ಟಿಯನ್ನು ರಚಿಸಿದನು. ಹೌದು ಅಥವಾ ಇಲ್ಲ ಎಂಬುದೇ ಉತ್ತರ. ಅದು ಬಳಕೆಗೆ ಬರುವಷ್ಟರಲ್ಲಿ ಯುದ್ಧವು ಮುಗಿದಿತ್ತು. ಆದರೆ ಮಾದರಿಯು ಉಳಿಯಿತು. ೧೯೭೯ರಲ್ಲಿ ಹೊರೊವಿಟ್ಸ್, ವಿಲ್ನರ್, ಆಲ್ವರೆಸ್ ಎಂಬವರು ೧೫ ವಾಕ್ಯಗಳ ಒಂದು ಮಾಪಕವನ್ನು ಪ್ರಕಟಿಸಿದರು. ಅವುಗಳಲ್ಲಿ ೭ ವಾಕ್ಯಗಳು ಬೇಡವೆಂದರೂ ನುಗ್ಗಿಬರುವ ನೆನಪನ್ನೂ, ೮ ವಾಕ್ಯಗಳು ಆ ನೆನಪಿನಿಂದ ತಪ್ಪಿಸಿಕೊಳ್ಳುವ ಯತ್ನವನ್ನೂ ಅಳೆಯುವುವು. ಮರುವರ್ಷ, ೧೯೮೦ರಲ್ಲಿ, ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗವರ್ಗೀಕರಣಗ್ರಂಥದ ಮೂರನೆಯ ಆವೃತ್ತಿಯಲ್ಲಿ ಆಘಾತೋತ್ತರ ವ್ಯಾಧಿಗೆ ಸ್ಥಾನಕೊಟ್ಟಿತು. ೨೦೨೨ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ವರ್ಗೀಕರಣವು ಇದರ ಜತೆಗೆ ‘ಸಂಕೀರ್ಣ’ವೆಂಬ ಇನ್ನೊಂದು ಭೇದವನ್ನು ಅಂಗೀಕರಿಸಿದೆ, ಅದರ ಲಕ್ಷಣಗಳಿಗೆ ಹೊಂದುವಂತೆ ೧೮ ಪ್ರಶ್ನೆಗಳ ಪಟ್ಟಿಯೊಂದು ರಚಿತವಾಗಿದೆ.

ಈ ಕ್ರಮವು ಸರಳ, ಶೀಘ್ರ. ತನ್ನ ಕಷ್ಟವನ್ನು ತಾನು ಬಲ್ಲವನಲ್ಲಿ ವಿಶ್ವಾಸಾರ್ಹವೂ ಹೌದು. ಆದರೆ ೧೯೭೯ರ ಮಾಪಕವು ಇಂಥದೇ ಸಂಭವವೆಂದು ಮೊದಲು ಹೆಸರಿಸಿಕೊಂಡು ಆಮೇಲೆ ಪ್ರಶ್ನಿಸುವುದು. ಸಂಭವವನ್ನು ಹೆಸರಿಸಲಾರದವನನ್ನು ಅದು ಮುಟ್ಟಲಾರದು.

ಎರಡನೆಯದು ಪರೋಕ್ಷಕ್ರಮ. ಜೂರಿಕ್ ನಗರದ ಬುರ್ಗ್‌ಹೋಲ್ಟ್ಸ್ಲಿ ಆಸ್ಪತ್ರೆಯಲ್ಲಿ ಯೂಂಗ್ ಮತ್ತು ರಿಕ್ಲಿನ್ ೧೯೦೪ರಿಂದ ಶಬ್ದಸಾಹಚರ್ಯದ ಪ್ರಯೋಗಗಳನ್ನು ಪ್ರಕಟಿಸಿದರು. ಪರೀಕ್ಷಕನು ಒಂದು ಪದವನ್ನು ಹೇಳುವನು. ಪರೀಕ್ಷ್ಯನು ತೋಚಿದ ಮೊದಲ ಪದವನ್ನು ಹೇಳಬೇಕು. ಪ್ರಸಿದ್ಧವಾದ ಪಟ್ಟಿಯಲ್ಲಿ ೧೦೦ ಪದಗಳಿವೆ. ಉತ್ತರಕ್ಕೆ ಹಿಡಿದ ಕಾಲವನ್ನು ಗಡಿಯಾರದಿಂದ ಅಳೆದು, ತಡ, ತೊದಲು, ಕೊಟ್ಟ ಪದವನ್ನೇ ತಿರುಗಿ ನುಡಿಯುವುದು, ಎರಡನೆಯ ಸಲ ಕೇಳಿದಾಗ ಮೊದಲಿನ ಉತ್ತರ ಮರೆತುಹೋಗಿರುವುದು ಇವುಗಳನ್ನು ಒಳಗಿನ ಭಾವಗ್ರಂಥಿಯ ಸೂಚಕಗಳೆಂದು ಗಣಿಸಿದರು. ೧೯೨೧ರಲ್ಲಿ ಹರ್ಮನ್ ರೋರ್ಶಾಕ್ ಪ್ರಕಟಿಸಿದ ೧೦ ಮಸಿಯ ಚಿತ್ರಗಳ ಪರೀಕ್ಷೆಯೂ ಇದೇ ಜಾತಿಯದು. ಇಲ್ಲಿ ಪರೀಕ್ಷ್ಯನಿಗೆ ತನ್ನ ಗಾಯ ತಿಳಿದಿರಬೇಕಾದುದಿಲ್ಲ. ಆದರೆ ಸೂಚಕವನ್ನು ಅರ್ಥೈಸುವವನ ಕಲ್ಪನೆಗೆ ಮಿತಿಯಿಡುವುದು ಕಷ್ಟ.

ಮೂರನೆಯದು ಮಾತಿನ ಬಂಧವನ್ನೇ ಪರೀಕ್ಷಿಸುವ ಕ್ರಮ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ ಕ್ಯಾರೊಲ್ ಜಾರ್ಜ್, ನ್ಯಾನ್ಸಿ ಕ್ಯಾಪ್ಲನ್, ಮೇರಿ ಮೇನ್ ಎಂಬ ವಿದುಷಿಯರು ೧೯೮೦ರ ದಶಕದ ಮಧ್ಯದಲ್ಲಿ ರೂಪಿಸಿದ ‘ವಯಸ್ಕರ ಬಾಂಧವ್ಯ ಸಂದರ್ಶನ’ವು ಇದಕ್ಕೆ ಉತ್ತಮವಾದ ಉದಾಹರಣೆ. ಸುಮಾರು ಒಂದು ಗಂಟೆಯ ಸಂಭಾಷಣೆ. ಬಾಲ್ಯದಲ್ಲಿ ತಾಯಿಯೊಡನೆ ಇದ್ದ ಸಂಬಂಧವನ್ನು ಐದು ವಿಶೇಷಣಗಳಿಂದ ವರ್ಣಿಸೆಂದು ಕೇಳಿ, ಒಂದೊಂದಕ್ಕೂ ನೆನಪಿನ ನಿದರ್ಶನವನ್ನು ಬೇಡುವರು. ತಂದೆಯ ವಿಷಯದಲ್ಲಿಯೂ ಹಾಗೆಯೇ. ಮುಂದೆ ಮರಣ, ಹಿಂಸೆ ಮೊದಲಾದುವುಗಳ ಪ್ರಶ್ನೆ ಬರುವುದು. ಮಾತನ್ನೆಲ್ಲ ಮೌನಗಳೊಡನೆ ಅಕ್ಷರಶಃ ಬರೆದುಕೊಂಡು, ತರಬೇತಿ ಪಡೆದವರು ಆ ಲಿಖಿತಪಾಠವನ್ನು ಪರಿಶೀಲಿಸುವರು.

ಅವರು ನೋಡುವುದು ಬಾಲ್ಯವು ಸುಖಮಯವಾಗಿತ್ತೇ ಎಂಬುದನ್ನಲ್ಲ, ಹೇಳುವ ರೀತಿಯು ಸುಸಂಗತವಾಗಿದೆಯೇ ಎಂಬುದನ್ನು. ಇದಕ್ಕೆ ಒರೆಗಲ್ಲಾಗಿ ಪಾಲ್ ಗ್ರೈಸ್ ಎಂಬ ಆಂಗ್ಲ ದಾರ್ಶನಿಕನು ೧೯೭೫ರಲ್ಲಿ ಪ್ರಕಟಿಸಿದ ಸಂಭಾಷಣನಿಯಮಗಳನ್ನು ಇಟ್ಟುಕೊಂಡಿರುವರು: ಆಧಾರವಿರುವುದನ್ನೇ ಹೇಳುವುದು, ಬೇಕಾದಷ್ಟೇ ಹೇಳುವುದು, ಪ್ರಕೃತವನ್ನು ಬಿಡದಿರುವುದು, ಕ್ರಮವಾಗಿ ಸ್ಪಷ್ಟವಾಗಿ ಹೇಳುವುದು. ವಾಕ್ಯಾರ್ಥಬೋಧಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಬೇಕೆಂದು ಓದಿದವರಿಗೆ ಈ ಪದ್ಧತಿಯ ಮರ್ಮವು ಬೇಗ ಹೊಳೆಯುವುದು. ಮರಣ ಅಥವಾ ಹಿಂಸೆಯ ಪ್ರಸ್ತಾಪ ಬಂದೆಡೆಯಲ್ಲಿ ಮಾತ್ರ ಮಾತಿನ ಕಟ್ಟು ಸಡಿಲಿದರೆ ಅದನ್ನು ‘ಅಶಮಿತ’ದ ಗುರುತೆಂದು ಎಣಿಸುವರು. ಸತ್ತವರನ್ನು ಬದುಕಿರುವರೆಂಬಂತೆ ಹೇಳಿಬಿಡುವುದು, ವಾಕ್ಯವನ್ನು ನಡುವೆ ಬಿಟ್ಟು ಮತ್ತೆ ಎತ್ತದಿರುವುದು, ದೀರ್ಘಮೌನ, ಅನಾವಶ್ಯಕವಾದ ಸೂಕ್ಷ್ಮವಿವರಗಳಲ್ಲಿ ಮುಳುಗುವುದು, ಆಡುಮಾತಿನಿಂದ ಥಟ್ಟನೆ ಚರಮಸ್ತುತಿಯ ಶೈಲಿಗೆ ಏರುವುದು — ಇವು ಆ ಗುರುತುಗಳು. ಇದು ರೋಗನಿರ್ಣಯವಲ್ಲ, ಸಂಶೋಧನೆಯ ಸಾಧನ. ಆದರೂ ಇದರ ಫಲವು ಗಂಭೀರವಾದುದು. ತಾಯಿತಂದೆಗಳ ಮಾತಿನಲ್ಲಿ ಇಂಥ ಭಂಗವು ಕಂಡುಬಂದ ಕಡೆ, ಅವರ ಎಳೆಯ ಮಕ್ಕಳ ಬಾಂಧವ್ಯದಲ್ಲಿಯೂ ಕ್ರಮಭಂಗವು ಹೆಚ್ಚಾಗಿ ತೋರುವುದೆಂದು ಅನೇಕ ಅಧ್ಯಯನಗಳಿಂದ ತಿಳಿದುಬಂದಿದೆ. ಆರದ ಗಾಯವು ಒಬ್ಬರಲ್ಲಿಯೇ ನಿಲ್ಲುವುದಿಲ್ಲ ಎಂದಾಯಿತು.

೪. ದೋಷವಿಚಾರ

ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವವೆಂಬ ಮೂರು ದೋಷಗಳನ್ನು ನಾವು ಮೊದಲ ಪಾಠದಲ್ಲಿಯೇ ಕಲಿಯುತ್ತೇವೆ. ಪರೀಕ್ಷೆಯೂ ಒಂದು ಲಕ್ಷಣವೇ. ಗಾಯವುಳ್ಳವನನ್ನು ಅದು ಹಿಡಿಯದೆ ಬಿಟ್ಟರೆ ಅವ್ಯಾಪ್ತಿ. ಗಾಯವಿಲ್ಲದವನನ್ನು ಹಿಡಿದರೆ ಅತಿವ್ಯಾಪ್ತಿ. ತಾನು ಅಳೆಯುವೆನೆಂದುದನ್ನು ಅಳೆಯದೆಯೇ ಇದ್ದರೆ ಅಸಂಭವ. ಪರೀಕ್ಷೆಗಳನ್ನು ನಿರ್ಮಿಸುವವರು ಮೊದಲೆರಡನ್ನು ಅಂಕಿಗಳಿಂದ ಅಳೆಯುವರು; ಇಬ್ಬರು ಪರೀಕ್ಷಕರು ಒಬ್ಬರಿಗೊಬ್ಬರು ತಿಳಿಸದೆ ಒಂದೇ ನಿರ್ಣಯಕ್ಕೆ ಬರುವರೇ ಎಂಬುದನ್ನೂ ಪರಿಶೀಲಿಸುವರು.

ನೇರವಾದ ಪ್ರಶ್ನೆಗೆ ಅವ್ಯಾಪ್ತಿಯು ಎಷ್ಟು ದೊಡ್ಡ ದೋಷವೆಂಬುದಕ್ಕೆ, ಬಾಲ್ಯದ ಹಿಂಸೆಯ ವಿಷಯದಲ್ಲಿ ೨೦೧೯ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯು ನಿದರ್ಶನ. ೧೬ ಅಧ್ಯಯನಗಳನ್ನು ಒಟ್ಟುಗೂಡಿಸಿ, ಬಾಲ್ಯದಲ್ಲಿಯೇ ದಾಖಲಾದುದನ್ನೂ ದೊಡ್ಡವರಾದಮೇಲೆ ಅವರೇ ಹೇಳಿದುದನ್ನೂ ಹೋಲಿಸಿದರು. ದಾಖಲೆಯಿದ್ದವರಲ್ಲಿ ನೂರಕ್ಕೆ ೫೨ ಮಂದಿ ಅದನ್ನು ಹೇಳಲಿಲ್ಲ. ಹೇಳಿದವರಲ್ಲಿ ನೂರಕ್ಕೆ ೫೬ ಮಂದಿಗೆ ದಾಖಲೆಯಿರಲಿಲ್ಲ. ಹೇಳದವರೆಲ್ಲ ಮರೆತವರೆಂದಾಗಲಿ, ದಾಖಲೆಯಿಲ್ಲದವರೆಲ್ಲ ಸುಳ್ಳಾಡಿದರೆಂದಾಗಲಿ ಇದರಿಂದ ಸಿದ್ಧಿಸುವುದಿಲ್ಲ. ಲಜ್ಜೆಯಿಂದ ಹೇಳದಿರಬಹುದು; ಮನೆಯೊಳಗೆ ನಡೆದುದು ದಾಖಲೆಗೆ ಬಾರದಿರಬಹುದು. ನೆನಪು ಮತ್ತು ದಾಖಲೆಗಳು ಬೇರೆ ಬೇರೆ ಪ್ರಮಾಣಗಳೆಂಬಷ್ಟೇ ಸಿದ್ಧ.

ಅತಿವ್ಯಾಪ್ತಿಯು ಇದಕ್ಕಿಂತ ಅಪಾಯಕರ. ಸಾವಿರ ಜನರಲ್ಲಿ ೫೦ ಮಂದಿಗೆ ಗಾಯವಿದೆಯೆಂದು ಊಹಿಸೋಣ. ಪರೀಕ್ಷೆಯು ಎರಡು ಕಡೆಯೂ ನೂರಕ್ಕೆ ೯೦ರಷ್ಟು ಸರಿಯೆಂದೂ ಇಟ್ಟುಕೊಳ್ಳೋಣ. ೫೦ರಲ್ಲಿ ೪೫ ಮಂದಿ ಸಿಕ್ಕುವರು. ಆದರೆ ಉಳಿದ ೯೫೦ರಲ್ಲಿ ೯೫ ಮಂದಿಯನ್ನೂ ಅದು ತಪ್ಪಾಗಿ ಹಿಡಿಯುವುದು. ಹಿಡಿದ ೧೪೦ ಮಂದಿಯಲ್ಲಿ ಮೂರರಲ್ಲಿ ಎರಡು ಪಾಲು ಗಾಯವಿಲ್ಲದವರೇ. ಅವರಿಗೆ, ‘ನಿನ್ನೊಳಗೆ ನೀನರಿಯದ ಘಾತವೊಂದಿದೆ’ ಎಂದು ಅಧಿಕಾರವಾಣಿಯಿಂದ ಹೇಳಿದರೆ ಏನಾಗುವುದು? ಎಲಿಜಬೆತ್ ಲಾಫ್ಟಸ್ ಮತ್ತು ಪಿಕ್ರೆಲ್ ೧೯೯೫ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಾಲ್ಯದಲ್ಲಿ ಅಂಗಡಿಸಾಲಿನಲ್ಲಿ ಕಳೆದುಹೋಗಿದ್ದಿರೆಂಬ ಕಲ್ಪಿತಕಥೆಯನ್ನು ೨೪ ಮಂದಿಗೆ ಹೇಳಲಾಯಿತು; ೬ ಮಂದಿ ಅದನ್ನು ಪೂರ್ತಿಯಾಗಿಯೋ ಭಾಗಶಃ ಆಗಿಯೋ ನೆನಪಿಸಿಕೊಂಡರು. ಉದ್ಬೋಧಕವೆಂದು ತಿಳಿದು ಪರೀಕ್ಷಕನು ಆಡಿದ ಮಾತೇ ಹೊಸ ಸಂಸ್ಕಾರವಾಗಿ ನಿಂತುಬಿಡಬಹುದು. ನಡೆಯದ ಅಪರಾಧದ ನೆನಪಿನಿಂದ ತಂದೆಮಕ್ಕಳು ದೂರವಾಗಬಹುದು. ನಡೆದ ಅಪರಾಧವನ್ನು ಕಲ್ಪನೆಯೆಂದು ತಳ್ಳಿದರೆ ನೊಂದವರು ಎರಡನೆಯ ಸಲ ನೋಯುವರು. ಎರಡು ಕಡೆಯೂ ಮನುಷ್ಯರ ಬಾಳಿದೆ. ಶಾಸ್ತ್ರಶುದ್ಧಿಯ ಹಟವು ಇಲ್ಲಿ ಪಾಂಡಿತ್ಯದ ವಿನೋದವಲ್ಲ.

ಇನ್ನು ಉಪಾಧಿಯ ವಿಚಾರ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂದು ಊಹಿಸಲಾಗದು. ಹಸಿಸೌದೆಯ ಸಂಯೋಗವೆಂಬ ಉಪಾಧಿ ಅಲ್ಲಿ ಬೇಕು. ಹಾಗೆಯೇ ಮಾತು ತಡವರಿಸಿದಲ್ಲೆಲ್ಲ ಗಾಯವಿದೆಯೆಂದು ಊಹಿಸಲಾಗದು. ಬೇರೆ ವಿಷಯಗಳಲ್ಲಿ ಸರಾಗವಾಗಿರುವ ಮಾತು ಆ ಒಂದು ವಿಷಯದಲ್ಲಿ ಮಾತ್ರ ಭಗ್ನವಾಗುವುದೆಂಬುದೇ ಇಲ್ಲಿಯ ಉಪಾಧಿ. ಸ್ವಭಾವತಃ ತೊದಲುವವನಲ್ಲಿ, ಪರಭಾಷೆಯಲ್ಲಿ ಉತ್ತರಿಸುವವನಲ್ಲಿ, ಪರೀಕ್ಷಕನ ಪದವಿಗೆ ಅಂಜಿದವನಲ್ಲಿ ಹೇತುವು ಇದ್ದರೂ ಸಾಧ್ಯವಿರಬೇಕಾದುದಿಲ್ಲ. ಬರ್ಕ್ಲಿಯ ವಿದುಷಿಯರ ಪದ್ಧತಿಯು ಈ ಸ್ಥಾನನಿಯಮವನ್ನು ಒಪ್ಪಿಕೊಂಡಿರುವುದೇ ಅದರ ಬಲ.

೫. ಕನ್ನಡದಲ್ಲಿ ಎದುರಾಗುವ ಪ್ರಶ್ನೆಗಳು

ಮನಶ್ಶಾಸ್ತ್ರವು ಕನ್ನಡನಾಡಿಗೆ ಹೊಸತಲ್ಲ. ಮೈಸೂರಿನ ಮಹಾರಾಜರ ಕಾಲೇಜಿನಲ್ಲಿ ೧೯೨೪ರಲ್ಲಿಯೇ ಎಂ. ವಿ. ಗೋಪಾಲಸ್ವಾಮಿಯವರಿಂದ ಇದರ ವಿಭಾಗವು ಆರಂಭವಾಯಿತು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಅಲ್ಲಿಯ ಮಾನಸಿಕ ಆಸ್ಪತ್ರೆಯೊಡನೆ ೧೯೭೪ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು. ಆದುದರಿಂದ ಇಂಥ ಪರೀಕ್ಷೆಗಳು ಕನ್ನಡಿಗರ ಮೇಲೆ ಪ್ರಯುಕ್ತವಾಗುವುದು ದೂರದ ಮಾತಲ್ಲ. ಅನುವಾದಕ್ಕೆ ಒಂದು ಕ್ರಮವೂ ಏರ್ಪಟ್ಟಿದೆ: ಒಬ್ಬನು ಕನ್ನಡಿಸುವುದು, ಮೂಲವನ್ನು ಕಾಣದ ಇನ್ನೊಬ್ಬನು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುವುದು, ಎರಡನ್ನೂ ಹೋಲಿಸುವುದು. ಈ ಕ್ರಮವು ಪದಾರ್ಥದ ತಪ್ಪನ್ನು ಹಿಡಿಯುವುದು. ಈ ಕೆಳಗಿನವುಗಳನ್ನು ಹಿಡಿಯಲಾರದು.

ಮೊದಲನೆಯದಾಗಿ, ನೆನಪಿನ ಕ್ರಿಯಾರೂಪಗಳು. ‘ನೆನಪಿಲ್ಲ’, ‘ನೆನಪಾಗುವುದಿಲ್ಲ’, ‘ನೆನೆಯುವುದಿಲ್ಲ’, ‘ನೆನೆಯಲಾರೆ’ ಎಂಬ ನಾಲ್ಕೂ ನಮ್ಮಲ್ಲಿ ಭಿನ್ನಾರ್ಥಕಗಳು. ಮೊದಲೆರಡು ಅಭಾವವನ್ನೂ, ಮೂರನೆಯದು ಸಂಕಲ್ಪಪೂರ್ವಕವಾದ ನಿವೃತ್ತಿಯನ್ನೂ, ಕೊನೆಯದು ಅಶಕ್ತಿಯನ್ನೂ ಹೇಳುವುವು. ಮರೆವು ಬೇರೆ, ತಪ್ಪಿಸಿಕೊಳ್ಳುವಿಕೆ ಬೇರೆ ಎಂಬ ಭೇದದ ಮೇಲೆಯೇ ಮಾಪಕವು ನಿಂತಿರುವಾಗ, ಪ್ರಶ್ನೆಯಲ್ಲಿ ‘ನೆನಪಿಲ್ಲ’ವೆಂಬ ಒಂದೇ ರೂಪವನ್ನಿಟ್ಟರೆ ಅಳತೆಯು ಕಲಸಿಹೋಗುವುದು.

ಎರಡನೆಯದಾಗಿ, ಕ್ರಿಯಾಪದವಿಲ್ಲದ ವಾಕ್ಯ. ‘ನಮ್ಮ ತಾಯಿ ಶಿವಮೊಗ್ಗದವರು’, ‘ಅಪ್ಪನಿಗೆ ಸಂಗೀತವೆಂದರೆ ಪ್ರಾಣ’ ಎಂಬ ವಾಕ್ಯಗಳಲ್ಲಿ ಕಾಲಸೂಚನೆಯೇ ಇಲ್ಲ. ಬದುಕಿರುವವರಿಗೂ ತೀರಿಹೋದವರಿಗೂ ಅವು ಸಮ. ಇಂಗ್ಲಿಷಿನಲ್ಲಿ ಕಾಲವನ್ನು ಹೇಳಲೇಬೇಕು. ಇಂಥ ಮಾತನ್ನು ವರ್ತಮಾನಕ್ಕೆ ತಿರುಗಿಸಿ ಓದಿದ ಪರೀಕ್ಷಕನು, ಸತ್ತವರನ್ನು ಬದುಕಿರುವಂತೆ ಹೇಳಿದನೆಂದು ಗುರುತು ಹಾಕಿದರೆ, ಆ ಭಂಗವು ಅನುವಾದಕನದು, ಆಡಿದವನದಲ್ಲ.

ಮೂರನೆಯದಾಗಿ, ಚತುರ್ಥಿಯ ಪ್ರಯೋಗ. ‘ನನಗೆ ಭಯವಾಯಿತು’, ‘ನನಗೆ ಅಳು ಬಂದಿತು’ ಎಂಬಲ್ಲಿ ಭಾವವೇ ಕರ್ತೃ, ಅನುಭವಿಸುವವನು ಸಂಪ್ರದಾನ. ‘ನಾನು’ ಎಂಬುದನ್ನು ಬಿಟ್ಟು ಮಾತಾಡುವುದೂ ನಮ್ಮಲ್ಲಿ ಸಹಜ. ಆಖ್ಯಾತಪ್ರತ್ಯಯವೇ ಪುರುಷವನ್ನು ತಿಳಿಸುವುದು. ಇದನ್ನು ತನ್ನಿಂದ ತಾನು ದೂರ ಸರಿಯುವ ಲಕ್ಷಣವೆಂದು ಎಣಿಸಿದರೆ ಕನ್ನಡಿಗರೆಲ್ಲ ರೋಗಿಗಳಾಗುವರು.

ನಾಲ್ಕನೆಯದಾಗಿ, ಮೃತರ ಉಲ್ಲೇಖ. ಆಡುಮಾತಿನ ನಡುವೆಯೇ ‘ದೈವಾಧೀನರಾದರು’, ‘ಪುಣ್ಯಾತ್ಮರು’ ಎಂದು ಶೈಲಿಯನ್ನೇರಿಸುವುದು ನಮ್ಮ ಶಿಷ್ಟಾಚಾರ. ಶ್ರಾದ್ಧದ ದಿನ ಪಿತೃಗಳು ಬರುವರೆಂಬುದು ಶ್ರದ್ಧೆ. ಇಲ್ಲಿ ಸಂಪ್ರದಾಯವೇ ಉಪಾಧಿಯನ್ನು ಬದಲಿಸಿದೆ. ಶಬ್ದಸಾಹಚರ್ಯದಲ್ಲಿಯೂ ಹೀಗೆಯೇ: ಪ್ರಾಸಮಾತ್ರದಿಂದ ಬಂದ ಉತ್ತರವನ್ನು ಯೂಂಗ್ ಚಿತ್ತವಿಕ್ಷೇಪದೊಡನೆ ಸಂಬಂಧಿಸಿದನು, ‘ಮನೆಗಿನೆ’, ‘ಪುಸ್ತಕಗಿಸ್ತಕ’ ಎಂದು ಪದವನ್ನು ಜೋಡಿಸುವ ನಮ್ಮವನಲ್ಲಿ ಅದು ಬರಿಯ ವಾಡಿಕೆಯಾಗಿರಬಹುದು.

ಇವು ಕನ್ನಡದಲ್ಲಿ ಅತಿವ್ಯಾಪ್ತಿಯನ್ನು ತರುವ ಸ್ಥಳಗಳು. ಇಂಗ್ಲಿಷಿನಲ್ಲಿಲ್ಲದ ಹೇತುವೊಂದನ್ನು ಕನ್ನಡವು ಒದಗಿಸಬಹುದೆಂದೂ ನನಗೆ ತೋರುತ್ತದೆ. ಅದು ‘ಅಂತೆ’ ಎಂಬ ಅವ್ಯಯ. ಇತರರಿಂದ ಕೇಳಿ ತಿಳಿದುದನ್ನು ಹೇಳುವಾಗ ಅದು ಬರುವುದು. ‘ಎಳೆಗೂಸಾಗಿದ್ದಾಗ ನಾನು ಬಹಳ ಅಳುತ್ತಿದ್ದೆನಂತೆ’ ಎಂಬುದು ಸಹಜ. ಆ ವಯಸ್ಸಿನ ನೆನಪು ಯಾರಿಗೂ ಇರದು. ಆದರೆ ಬೆಳೆದ ಹುಡುಗನಾಗಿ ತಾನೇ ಕಣ್ಣಾರೆ ಕಂಡ ಸಂಭವವನ್ನು, ಉಳಿದುದನ್ನೆಲ್ಲ ಪ್ರತ್ಯಕ್ಷವಾಗಿಯೇ ಹೇಳಿಕೊಂಡು ಬಂದವನು, ‘ಮನೆ ಉರಿಯಿತು, ನಾನು ಹೊರಗೆ ಓಡಿದೆನಂತೆ’ ಎಂದರೆ, ಪ್ರತ್ಯಕ್ಷವು ಶಾಬ್ದವಾಗಿ ಏಕೆ ಮಾರ್ಪಟ್ಟಿತೆಂದು ಕೇಳಬೇಕಾಗುವುದು. ಆಗ ಮೂರ್ಛೆಯಲ್ಲಿದ್ದಿರಬಹುದು, ಜ್ವರವಿದ್ದಿರಬಹುದು. ಆ ಉಪಾಧಿಗಳನ್ನು ಕಳೆದಮೇಲೆಯೂ ‘ಅಂತೆ’ಯು ಉಳಿದರೆ ಅದು ವಿಚಾರಾರ್ಹ. ಇದು ಪ್ರಸ್ತಾವ ಮಾತ್ರ; ಗಾಯವುಳ್ಳವರ ಮತ್ತು ಇಲ್ಲದವರ ಮಾತುಗಳನ್ನು ಸಾಕಷ್ಟು ಸಂಗ್ರಹಿಸಿ ಹೋಲಿಸಿದ ಹೊರತು ವ್ಯಾಪ್ತಿಗ್ರಹವಾಗಲಾರದು.

೬. ಉಪಸಂಹಾರ

ಮೇಲಿನ ವಿಚಾರದಿಂದ ಮೂರು ಅಂಶಗಳು ಫಲಿಸುವುವು. ಸುಪ್ತವಾದ ಗಾಯವನ್ನು ಒಂದೇ ಪರೀಕ್ಷೆಯಿಂದ ನಿರ್ಣಯಿಸಲಾಗದು. ಪ್ರಶ್ನಾವಳಿ, ಸಂಭಾಷಣೆ, ಲಭ್ಯವಾದ ದಾಖಲೆ ಇವು ಪರಸ್ಪರ ಸಂವಾದಿಗಳಾದಾಗ ಮಾತ್ರ ನಿರ್ಣಯಕ್ಕೆ ಬಲ. ಎರಡನೆಯದು, ಪರೀಕ್ಷೆಯು ಸೂಚಿಸಬಲ್ಲುದೇ ಹೊರತು, ಇಂಥ ಸಂಭವವು ನಡೆಯಿತೆಂದು ಸಾಧಿಸಲಾರದು. ಪರೀಕ್ಷಕನು ಸಂಭವವನ್ನು ತಾನಾಗಿ ಸೂಚಿಸಲೂ ಬಾರದು. ಮೂರನೆಯದು, ಕನ್ನಡಿಗರ ಮಾತನ್ನು ಅಳೆಯುವ ಮೊದಲು, ಗಾಯವಿಲ್ಲದ ಕನ್ನಡಿಗನು ಮರಣವನ್ನೂ ದುಃಖವನ್ನೂ ಹೇಗೆ ಹೇಳುವನೆಂಬುದರ ವರ್ಣನೆ ಸಿದ್ಧವಾಗಿರಬೇಕು. ಪ್ರಕೃತಿಯನ್ನು ತಿಳಿಯದೆ ವಿಕೃತಿಯನ್ನು ಹೇಳುವಂತಿಲ್ಲ.

ಈ ಮೂರನೆಯ ಕಾರ್ಯವು ವೈದ್ಯರೊಬ್ಬರಿಂದಲೇ ಆಗತಕ್ಕುದಲ್ಲ. ಮಂಗಳೂರಿನ, ಧಾರವಾಡದ, ಕಲಬುರಗಿಯ, ಚಾಮರಾಜನಗರದ ಮಾತುಗಳಲ್ಲಿ ಸಾವಿನ ಸುದ್ದಿಯನ್ನು ಯಾವ ಪದಗಳಿಂದ, ಯಾವ ಕ್ರಿಯಾರೂಪಗಳಿಂದ, ಎಂಥ ಮೌನಗಳಿಂದ ಹೇಳುವರೆಂಬುದನ್ನು ಸಂಗ್ರಹಿಸಬಲ್ಲವರು ಭಾಷಾಶಾಸ್ತ್ರವನ್ನೂ ಜನಪದವನ್ನೂ ಬಲ್ಲ ಅಧ್ಯಾಪಕರು. ವ್ಯಾಕರಣದಲ್ಲಿ ‘ಅಂತೆ’ಯ ಪ್ರಯೋಗವನ್ನು ಒಂದು ಸೂತ್ರದಲ್ಲಿ ಮುಗಿಸಿ ಮುಂದೆ ಸಾಗುವ ನಾವು, ಆ ಎರಡಕ್ಷರದ ಮೇಲೆ ಒಬ್ಬರ ಬಾಳಿನ ನಿರ್ಣಯವು ನಿಲ್ಲಬಹುದೆಂಬುದನ್ನು ಗಮನಿಸಿ, ಇಂಥ ಸಂಗ್ರಹಕ್ಕೆ ನಮ್ಮ ನಮ್ಮ ಊರುಗಳಿಂದಲೇ ಆರಂಭಿಸುವುದು ಉಚಿತ.